ಅಮ್ಮಿಯ ಮಾತಿಗೆ ಬಣ್ಣ ಹಚ್ಚಿದ್ದು

ಲಕ್ವಾ ಹೊಡೆದು ಅಮ್ಮಿಯ ಮಾತು ನಿಂತುಹೋದ ಮೇಲೆ ಮನೆಯವರೆಲ್ಲ ಅತ್ತು ಕರೆದು ಮಾಡಿದರು, ನಾನು ಗ್ರಾಫ್ ಬರೆಯುತ್ತಾ ಕೂತೆ. ಮಾನ್ವಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ಬೇರೇನು ಮಾಡಿಯಾಳು? ಮರಳಿ ಬಂದ ಪದಗಳನ್ನೆಲ್ಲ ಬರೆದಿಟ್ಟುಕೊಳ್ಳಿ ಎಂದು ರಾಯಚೂರಿನ ಆಸ್ಪತ್ರೆಯಲ್ಲಿ ಮಾತು ಕಲಿಸುವವರು ಹೇಳಿದ್ದರು. ವಾರಕ್ಕೊಂದು ಚುಕ್ಕಿ ಇಟ್ಟು ಗೆರೆ ಎಳೆದೆ. ಗೆರೆ ನಿಧಾನಕ್ಕೆ ಮೇಲೇರುತ್ತಿತ್ತು. ಎಲ್ಲರಿಗೂ ಖುಷಿ, ನನಗೊಬ್ಬಳಿಗೆ ಸಮಾಧಾನವಿಲ್ಲ.

ನಮ್ಮದು ದಖನಿ ಉರ್ದು ಮಾತಾಡುವ ಮನೆ. ಅಮ್ಮಿ ನನ್ನನ್ನು ಮುದ್ದು ಮಾಡಿದ್ದು, ಬೈದದ್ದು, ಜ್ವರ ಬಂದಾಗ ಹಣೆ ಮುಟ್ಟಿ ಗೊಣಗಿದ್ದು ಎಲ್ಲ ದಖನಿಯಲ್ಲೇ. ದೇವದುರ್ಗದ ಕಡೆಯ ಮಸರಕಲ್‌ನಲ್ಲಿ ಬೆಳೆದವಳಾದ್ದರಿಂದ ಕನ್ನಡವೂ ಬರುತ್ತಿತ್ತು. ಬಜಾರಿನ ತೆಲುಗೂ ಒಂದಿಷ್ಟು ಬರುತ್ತಿತ್ತು. ಬಂದ ಪದಗಳಲ್ಲಿ ನಮ್ಮ ಮನೆ ಮಾತು ಎಷ್ಟು ಎನ್ನುವುದನ್ನು ಆ ಗೆರೆ ಹೇಳುತ್ತಿರಲಿಲ್ಲ.

ನಾನು ಬಳಸುವ ಸಾಫ್ಟ್‌ವೇರ್‌ನಲ್ಲಿ ಇದಕ್ಕೊಂದು ಫಂಕ್ಷನ್ ಇದೆ. ಮೊದಲೇ ಬರೆದ ಗ್ರಾಫಿನ ಮೇಲೆ, ನಾವು ಹೇಳಿದ ಜಾಗದಲ್ಲಿ, ಹೇಳಿದಷ್ಟು ದೊಡ್ಡ ಪೈ ಚಾರ್ಟ್ ತಂದು ಕೂರಿಸುತ್ತದೆ. ಪ್ರತಿ ಚುಕ್ಕಿಯ ಮೇಲೂ ಒಂದೊಂದು ಕೂರಿಸಿದೆ. ಅಡ್ಡ ಅಳತೆ ಬೇರೆ, ಉದ್ದ ಅಳತೆ ಬೇರೆ ಇದ್ದದ್ದರಿಂದ ಮೊದಲ ಸಲ ಎಲ್ಲವೂ ಯಾರೋ ಮೇಲೆ ಕೂತು ಎದ್ದುಹೋದ ಹಾಗೆ ಚಪ್ಪಟೆಯಾಗಿದ್ದವು. ಅದನ್ನು ಸರಿಪಡಿಸಿ ಕನ್ನಡಕ್ಕೆ ಹಸಿರು, ತೆಲುಗಿಗೆ ಹಳದಿ, ದಖನಿಗೆ ಕೆಂಪು ಬಣ್ಣ ಕೊಟ್ಟೆ. ಪರದೆ ತುಂಬ ಹಸಿರೇ ಹಸಿರು. ಒಂದೆರಡರಲ್ಲಿ ಹಳದಿಯ ಚೂರು. ಕೆಂಪು ಎಲ್ಲೂ ಇಲ್ಲ.

ಕೋಡ್ ತಪ್ಪಿರಬೇಕೆಂದು ತಿರುತಿರುಗಿ ನೋಡಿದೆ. ತಪ್ಪಿರಲಿಲ್ಲ. ಅಮ್ಮಿಯ ಮಾತು ವಾಪಸ್ ಬರುತ್ತಿತ್ತು, ಆದರೆ ನನ್ನನ್ನು ಹೊರಗಿಟ್ಟು ಬರುತ್ತಿತ್ತು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಇದೆಂಥ ಹೊಟ್ಟೆಕಿಚ್ಚು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಕೈ ಸುಮ್ಮನಿರದೆ ಪ್ರತಿ ಪೈ ಪಕ್ಕದಲ್ಲಿ ಆ ವಾರದ ಪದಗಳನ್ನು ಬರೆಯುತ್ತಾ ಹೋದೆ. ‘ಬಾ’. ‘ಒಳಗ ಬಾ’. ‘ಕುಂದ್ರು’. ‘ಯಾವಾಗ ಬಂದಿ?’ ‘ಉಣ್ಣು’. ಒಂದೇ ಸಾಲಿನಲ್ಲಿ ಓದಿಕೊಂಡಾಗ ಹೊಳೆಯಿತು. ಅಮ್ಮಿ ಯಾರನ್ನೋ ಮನೆಯೊಳಗೆ ಕರೆಯುತ್ತಿದ್ದಾಳೆ.

ಹಾಗೆ ಕನ್ನಡದಲ್ಲಿ ಅಮ್ಮಿ ಕರೆಯುವುದು ಒಬ್ಬಳನ್ನೇ, ಮಸರಕಲ್‌ನ ಕುರಿ ಕಾಯುವ ಮನೆಯ ಬಾಲ್ಯದ ಗೆಳತಿಯನ್ನು. ನನಗೆ ಆಕೆ ಚಿಗವ್ವ. ಅಮ್ಮಿ ಆಕೆಯ ಹತ್ತಿರ ಕನ್ನಡ ಆಡಬೇಕು, ಆಕೆ ಅಮ್ಮಿಯ ಹತ್ತಿರ ದಖನಿ ಆಡಬೇಕು. ಅದು ಅವರಿಬ್ಬರ ಮರ್ಯಾದೆ. ಇಬ್ಬರದೂ ಹರಕು ಮುರುಕೇ. ಗಾಬರಿಯಾಗುತ್ತಾಳೆಂದು ಚಿಗವ್ವನಿಗೆ ನಾವು ಸುದ್ದಿಯನ್ನೇ ಮುಟ್ಟಿಸಿರಲಿಲ್ಲ. ಕೂಡಲೇ ಫೋನ್ ಮಾಡಿದೆ.

ಮರುದಿನ ಗಬ್ಬೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದಳು. ಬಾಗಿಲಲ್ಲೇ ನನಗೆ ಮಂಗಳಾರತಿ. “ನನಗ ಹೇಳಬಾರದೇನ ಬೇ? ಸತ್ತ ಮ್ಯಾಲ ಹೇಳಬೇಕಂತ ಮಾಡಿದ್ದೇನು?” ಆಮೇಲೆ ಮಂಚದ ಮೇಲೆ ಕೂತು, ಅಮ್ಮಿಯ ಸೋತ ಕೈ ಹಿಡಿದುಕೊಂಡು ಹೇಗಿದ್ದಿ ಎಂದು ತನ್ನ ದಖನಿ ಶುರು ಮಾಡಿದಳು: “ಕೈಸಾ ಹೈ ಗೇ ತೂ?”

ಅಮ್ಮಿ ಆಕೆಯ ಮುಖ ನೋಡಿದಳು. ಬಾಯಿಯ ಒಂದೇ ಕಡೆ ನಗೆ ಬಂತು. “ಈಗ... ಬಂದಿ?” ಎಂದಳು. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದೆ. ಅಮ್ಮಿಯ ಕಣ್ಣು ನನ್ನತ್ತ ಹೊರಳಿತು, ಹುಬ್ಬು ಗಂಟಿಕ್ಕಿತು.

“ಖಡೀ... ಕ್ಯಾ ಹೈ? ಚಾಯ್... ಬನಾ!”

ನಿಂತದ್ದೇನು, ಚಹಾ ಮಾಡು. ಮನೆಗೆ ಮಂದಿ ಬಂದಾಗ ಕೈಕಟ್ಟಿ ನಿಂತ ಮಗಳನ್ನು ಅಮ್ಮಿ ಮೊದಲಿನಿಂದಲೂ ಗದರುತ್ತಿದ್ದುದು ಹೀಗೆಯೇ. ಬಂದವರು ಬಂದ ಮೇಲೇ ಅಲ್ಲವೇ ಮಗಳಿಗೆ ಕೆಲಸ ಹೇಳುವುದು!

“ಹೌ ಅಮ್ಮಿ,” ಎಂದೆ. ಅಡುಗೆಮನೆಗೆ ಹೋಗುತ್ತಾ, ಆಕೆಗೆ ಕೇಳಿಸುವ ಹಾಗೆ ಇನ್ನೊಮ್ಮೆ ಹೇಳಿದೆ.