ಹೊರಗ ಹೋಗಿ ಒಳಗ ಬರ್ರಿ

ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಹಳೆಯ ಕಂಪ್ಯೂಟರಿನ ತಗಡಿನ ಮುಚ್ಚಳ ಬಿದ್ದು ಜಜ್ಜಿದ್ದು. ಆಮೇಲೆ ಹೊಸ ಉಗುರೂ ಕಪ್ಪಗೇ ಬೆಳೆಯಿತು. ಕೇಳಿದವರಿಗೆ ಅದನ್ನೇ ಎತ್ತಿ, "ಇದ ನನ್ನ ಸರ್ಟಿಫಿಕೇಟು" ಎನ್ನುತ್ತಿದ್ದರು. ಅವರು ಮರಳಿ ಎಂಬ ಊರಿನ ಕಡೆಯ ಗದ್ದೆ ಸೀಮೆಯವರು. ಹನುಮಸಾಗರದ ಆಚೆಯ ನಮ್ಮ ಹೈಸ್ಕೂಲಿಗೆ ಬಂದಾಗ ಇಲ್ಲಿದ್ದದ್ದು ಯಾರೋ ಬೇಡವೆಂದು ಕೊಟ್ಟ ಎಂಟು ಕಂಪ್ಯೂಟರು. ಎಲ್ಲಕ್ಕೂ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಎಬ್ಬಿಸಿ ಕೂರಿಸಿದರು.

ತಡವಾಗಿ ಬಂದವರಿಗೆ, ನಮಸ್ಕಾರ ಹೇಳದೆ ನುಗ್ಗಿದವರಿಗೆ ಅವರದು ಒಂದೇ ಮಾತು: "ಹೊರಗ ಹೋಗಿ ಒಳಗ ಬರ್ರಿ." ಹೆಡ್‌ಮಾಸ್ತರರನ್ನೂ ಬಿಟ್ಟವರಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಮೇಲಿನಿಂದ ಒಬ್ಬ ಸಾಹೇಬರು ಬರುವ ಸುದ್ದಿ ಬಂತು. ಆ ಕಂಪ್ಯೂಟರುಗಳಲ್ಲಿ ಕನ್ನಡ ಮೂಡದಿದ್ದರೆ ಗುಜರಿಗೆ ಹಾಕಿಸಿ ಕೋಣೆಗೆ ಬೀಗ ಜಡಿಯುವವರಿದ್ದರು. ಕನ್ನಡ ಮೂಡಬೇಕಾದರೆ ಕಂಪ್ಯೂಟರಿಗೆ ಒಂದು ಸಾಲಿನ ಅಪ್ಪಣೆ ಬರೆದಿಡಬೇಕು. ಪುಸ್ತಕದಲ್ಲಿ ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂಬ ಉದ್ದನೆಯ ಹೆಸರು. ಅಕ್ಕೋರಿಗೆ ಅದು ಡಂಗುರ. ಆ ಕೆಲಸ ನನಗೆ ಒಪ್ಪಿಸಿದರು. ಬರೆದೆ. ಅಪ್ಪಣೆ ಟೈಪು ಮಾಡುವ ಟರ್ಮಿನಲ್ಲಿನ ಕಪ್ಪು ಕಿಟಕಿಯಿಂದ ತೆರೆದ ಹಾಳೆಯಲ್ಲಿ ಕನ್ನಡ ಮುದ್ದಾಗಿ ಬಂತು. ಕುಣಿದಾಡಿದೆ.

ಸಾಹೇಬರಿಗೆ ಕಪ್ಪು ಕಿಟಕಿ ಯಾಕೆ ಬೇಕು? ಬಂದವರೇ ಮೌಸ್ ಹಿಡಿದು, ಪರದೆಯ ಮೇಲಿನ ಪುಟ್ಟ ಚಿತ್ರ ಒತ್ತಿ ಹಾಳೆ ತೆರೆದರು. ಟೈಪು ಮಾಡಿದರೆ ಮೂಡಿದ್ದು ಬರೀ ಇಂಗ್ಲಿಷ್.

"ಗುಜರಿ ಸಾಮಾನು ಗುಜರೀನ ರೀ ಮೇಡಂ," ಎಂದು ನಕ್ಕರು.

ಅಕ್ಕೋರು ನನ್ನ ಕಡೆ ತಿರುಗಿದರು. "ಡಂಗುರ ಎಲ್ಲಿ ಹೊಡದಿ?"

"ಟರ್ಮಿನಲ್ ಓದೋ ಫೈಲಿನ್ಯಾಗರಿ."

"ಅದು ಬರೇ ಒಂದು ಓಣಿ, ತಂಗಿ. ಓಣ್ಯಾಗ ಹೊಡದ್ರ ಊರಿಗೆ ಹ್ಯಾಂಗ ಕೇಳಬೇಕು? ಅಗಸ್ಯಾಗ ಹೊಡಿ. ಒಳಗ ಬರೋರೆಲ್ಲಾ ಕೇಳಿಕೊಂಡ ಬರ್ಲಿ."

ಲಾಗಿನ್ ಆಗುವಾಗಲೇ ಕಂಪ್ಯೂಟರು ಓದಿಕೊಳ್ಳುವ ಫೈಲೇ ಅವರ ಅಗಸಿ, ಊರಬಾಗಿಲು. ಸಾಹೇಬರ ಪಕ್ಕ ಬಗ್ಗಿ ನಿಂತೇ ಸಾಲನ್ನು ಅಲ್ಲಿಗೆ ಸಾಗಿಸಿದೆ. ಅವರು ಮತ್ತೆ ಚಿತ್ರ ಒತ್ತಿದರು. ಮತ್ತೆ ಇಂಗ್ಲಿಷ್.

"ಹೊರಗ ಹೋಗಿ ಒಳಗ ಬರ್ರಿ," ಎಂದರು ಅಕ್ಕೋರು.

ಸಾಹೇಬರು ದಡಕ್ಕನೆ ಎದ್ದರು. "ಯಾರಿಗೆ ಹೇಳ್ತೀರಿ?"

"ಲಾಗೌಟ್ ಆಗಿ ಲಾಗಿನ್ ಆಗ್ರಿ ಅಂದೆ. ಮೊದಲ ಒಳಗ ಕುಂತವರಿಗೆ ಹೊಸಾ ಡಂಗುರ ಕೇಳಂಗಿಲ್ಲ." ಆಮೇಲೆ ಆ ಕಪ್ಪು ಉಗುರನ್ನು ಬಾಗಿಲ ಕಡೆ ತೋರಿಸಿ, "ನೀವೂ ನಮಸ್ಕಾರ ಅನ್ನದ ಬಂದೀರಿ. ಹೋಗಿ ಬಂದ್ರೂ ಅಡ್ಡಿಯಿಲ್ಲ," ಎಂದರು.

ಸಾಹೇಬರು ಬಾಗಿಲಿಗೆ ಹೋಗಲಿಲ್ಲ, ಲಾಗೌಟ್ ಆದರು. ಮತ್ತೆ ಲಾಗಿನ್ ಆಗಿ ಚಿತ್ರ ಒತ್ತಿ ತಮ್ಮ ಹೆಸರನ್ನೇ ಟೈಪು ಮಾಡಿದರು. ಅಚ್ಚ ಕನ್ನಡ! ಕೋಣೆಗೆ ಬೀಗ ಬೀಳಲಿಲ್ಲ. ನನ್ನ ತಪ್ಪಿಗೆ ಅಕ್ಕೋರು ಅಂದೂ ಬೈಯಲಿಲ್ಲ, ಮುಂದೂ ಎತ್ತಿ ಆಡಲಿಲ್ಲ.

ಈಗ ಆ ಕೋಣೆಯಲ್ಲಿ ಕಲಿಸುವವಳು ನಾನೇ. ಕಳೆದ ವರ್ಷ ಅಕ್ಕೋರು ತೀರಿಕೊಂಡಾಗ ಅವರ ಊರು ಮರಳಿಗೆ ಹೋಗಿದ್ದೆ. ಅಂಗಳದಲ್ಲಿ ಅವರ ದೇಹಕ್ಕೆ ಹೂವು ಹಾಕಿ ಕೂರಿಸಿದ್ದರು. ಕಪ್ಪು ಉಗುರಿನ ಆ ಬೆರಳು ಹಿಡಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಜನ ನೋಡಿದರೆ ನೋಡಲಿ ಎಂದು, ಅವರ ಮಾತನ್ನು ಅವರಿಗೇ ಹೇಳಿದೆ:

"ಹೊರಗ ಹೋಗೀರಿ, ಅಕ್ಕೋರ. ಒಳಗ ಬರ್ರಿ."