ಬುದ್ಧನ ಗೋಡೆಯ ಕೀಲಿಕೈ

ಫೋಟೊ ತೆಗೆಯಲು ಮೊಬೈಲ್ ಎತ್ತಿದ್ದೆ. ಅಷ್ಟರಲ್ಲಿ ಮಹಿಳೆಯೊಬ್ಬರು ಬಂದು ಗೋಡೆಯ ಮೇಲಿನ ಕಲಾಕೃತಿಯಿಂದ ಒಂದು ಕೀಲಿಕೈ ತೆಗೆದುಕೊಂಡೇಬಿಟ್ಟರು!

ಔರಾದ ಕಡೆಯ ಠಾಣಾ ಕುಶನೂರ ಹತ್ತಿರ ಕಲಾವಿದರೊಬ್ಬರು ರೂಪಿಸಿದ ಬುದ್ಧ ವಿಹಾರವದು. ಬಿದರಿ ಪಾತ್ರೆಯಂಥ ಕಪ್ಪು ಗೋಡೆ, ಅದರ ಮೇಲೆ ಬುದ್ಧನ ಸುತ್ತ ಬೆಳ್ಳಿಯಂತೆ ಮಿನುಗುವ ಕೀಲಿಕೈಗಳು. ಎಂಥ ಕಲ್ಪನೆ ಎಂದು ಆಗಷ್ಟೇ ತಲೆದೂಗಿದ್ದೆ.

"ಅಕ್ಕಾರ, ಮುಟ್ಟಬ್ಯಾಡ್ರಿ! ಕಲಾವಿದ್ರು ಮಾಡ್ಯಾರ ಅದನ್ನ" ಎಂದು ಗದರಿದೆ.

ಅವರು ನಕ್ಕುಬಿಟ್ಟರು. "ಅವ್ರು ಬರೇ ಮೊಳಿ ಹೊಡ್ದಾರ್ರಿ. ಇದು ನಮ್ಮನಿ ಕೀಲಿಕೈ. ಬರಗಾಲದಾಗ ಹೈದ್ರಾಬಾದಿಗಿ ದುಡಿಲಾಕ ಹೋಗೋರೆಲ್ಲ ಇಲ್ಲೇ ಬಿಟ್ಟು ಹೋಗ್ತೇವ್ರಿ. ಮಳಿ ಬಂತಲ್ರಿ, ತಿರುಗಿ ಬಂದೀವಿ."

ಈಗ ಔರಾದ ಕಡೆ ಹೋದಾಗಲೆಲ್ಲ ವಿಹಾರದೊಳಗೆ ಇಣುಕಿ ಖಾಲಿ ಮೊಳೆ ಹುಡುಕುತ್ತೇನೆ. ಆ ಕಲಾಕೃತಿ ಹಾಳಾದಷ್ಟೂ ನನಗೆ ಖುಷಿ.