ಅತ್ತೆಯ ಬಂದೂಕಿನ ಒಳಕೋಣೆ

ಮದುವೆಯಾಗಿ ನೆಲೋಗಿಗೆ ಬಂದ ವರ್ಷ ನಾನು ಅತ್ತೆಯ ಜೊತೆ ಕೂತು ಒಂದು ಬಂದೂಕು ತೊಳೆದೆ. ಈಗ ನೆನೆಸಿಕೊಂಡರೆ ಅದು ನಿಜವಾಗಿ ನಡೆದದ್ದೋ, ಚಳಿಗಾಲದ ಮಧ್ಯಾಹ್ನ ಕಂಬಕ್ಕೊರಗಿ ಕಂಡ ಕನಸೋ ಎಂಬಂತಾಗುತ್ತದೆ. ಎಪ್ಪತ್ತರ ದಶಕದ ಕೊನೆ. ಹಿಂಗಾರಿ ಜೋಳದ ತೆನೆಗಳು ಹಾಲು ತುಂಬಿಕೊಳ್ಳುತ್ತಿದ್ದವು. ಗಾಳಿ ಬೀಸಿದರೆ ಊರ ಸುತ್ತ ಯಾರೋ ಹೊಸ ಸೀರೆ ಉಟ್ಟು ಓಡಾಡಿದಂಥ ಸದ್ದು.

ಬಂದೂಕು ಮಾವನದು. ಹೊಲಕ್ಕೆ ನುಗ್ಗುವ ಹಂದಿ, ಚಿಗರಿಗಳನ್ನು ಬೆದರಿಸಲೆಂದು ಇಟ್ಟುಕೊಂಡದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಬಟ್ಟೆಯ ಉಂಡೆ ಇಟ್ಟು, ಕಬ್ಬಿಣದ ಗಜದಿಂದ ದಟ್ಟಿಸಿ ತುಂಬುವ ಹಳೆಯ ಕಾಲದ ಬಂದೂಕು. ಹಿಂಭಾಗದಲ್ಲಿ ತೂತಿರುವ ಒಂದು ಪುಟ್ಟ ಮೊಳೆ. ಅದರ ತಲೆಗೆ ಸಿಡಿಯುವ ತಾಮ್ರದ ಟೋಪಿ ತೊಡಿಸಿ, ಕುದುರೆಯೆಂಬ ಪುಟ್ಟ ಸುತ್ತಿಗೆಯನ್ನು ಮೇಲೆ ಬಿಟ್ಟರೆ, ಕಿಡಿ ಆ ತೂತಿನಿಂದ ಹಾದು ಒಳಗಿನ ಮದ್ದಿಗೆ ಮುಟ್ಟುತ್ತದೆ. ನಾನು ಆ ಮನೆಗೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಲೈಸನ್ಸು ಅತ್ತೆಯ ಹೆಸರಿಗಾಗಿತ್ತು. ಆದರೂ ಅವರು ಅದನ್ನು ಹಾರಿಸಿರಲಿಲ್ಲ, ಗೂಟದ ಮೇಲೆ ಅದರ ಪಾಡಿಗೆ ಬಿಟ್ಟಿದ್ದರು. ನನ್ನ ಗಂಡನಿಗೆ ಅದರ ಕೆಳಗೆ ಕೂತು ಉಣ್ಣಲೂ ಹೆದರಿಕೆ.

ಆ ಸಲ ಹಂದಿಗಳು ಹಳ್ಳದ ಕಡೆಯ ಜೋಳವನ್ನು ತುಳಿದು ಹಾಕಿದವು. ಅತ್ತೆ ಹೊಲದಿಂದ ಬಂದವರೇ ಕೈಕಾಲು ತೊಳೆದು ಬಂದೂಕು ಇಳಿಸಿದರು.

"ತಂಗಿ, ಹಂಡೇದಾಗ ನೀರು ಕಾಸು ಬೇ. ಇದರ ಹೊಟ್ಟಿ ತೊಳೀಬೇಕು."

"ನನಗ ಅಂಜಿಕಿ ಬರ್ತದ್ರಿ ಅತ್ತೀ."

"ನನಗೇನು ಬರೂದಿಲ್ಲನು? ಬಾ, ಇಬ್ಬರೂ ಕೂಡೇ ಅಂಜೂಣು."

ಅಂಗಳದ ಬೇವಿನ ನೆರಳಲ್ಲಿ ಕೂತೆವು. ಮೊಳೆಯ ತಲೆಯಲ್ಲಿ ಟೋಪಿ ಇಲ್ಲದ್ದನ್ನು ಅತ್ತೆ ಮೊದಲು ನೋಡಿದರು. ಆಮೇಲೆ ಗಜವನ್ನು ನಳಿಗೆಯ ಹೊರಗೆ ಹಿಡಿದು, ಒಳಗೆ ಎಲ್ಲಿಯವರೆಗೆ ಹೋಗಬೇಕೋ ಅಷ್ಟಕ್ಕೆ ಇದ್ದಿಲಿನ ಗುರುತು ಹಾಕಿ ಒಳಗೆ ಬಿಟ್ಟರು. ಗುರುತು ಹೊರಗೇ ಉಳಿಯಿತು. ಕೈಯಲ್ಲಿ ಮೆತ್ತಗೆ ಏನೋ ತಾಗಿದಂತೆ ಅವರ ಮುಖ ಬದಲಾಯಿತು.

"ಒಳಗ ಮದ್ದದ. ತುಂಬಿ ಇಟ್ಟ ಹೋಗ್ಯಾರ."

ಅಷ್ಟು ವರ್ಷ ಆ ಮನೆಯ ಅಡುಗೆ, ಊಟ, ನಿದ್ದೆಗಳ ಮೇಲೆ ಅದು ಹಾಗೆಯೇ ತುಂಬಿಕೊಂಡು ಮಲಗಿತ್ತು. ನಾನು ಎದ್ದು ಓಡಬಹುದಿತ್ತು. ಯಾಕೋ ಓಡಲಿಲ್ಲ. ಅತ್ತೆ ನಳಿಗೆಯ ಬಾಯಿಯನ್ನು ಆಕಾಶಕ್ಕೆ ಮಾಡಿ, ತಾವು ಬದಿಗೆ ಸರಿದು, ತಂಬಿಗೆಯಿಂದ ತಣ್ಣೀರು ಹನಿಸಿದರು. ನೀರು ತುಂಬಿತು, ಆದರೆ ಮೊಳೆಯ ತೂತಿನಿಂದ ಒಂದು ಹನಿಯೂ ಹೊರಬರಲಿಲ್ಲ. ಬಂದೂಕನ್ನು ಬೇವಿಗೆ ಒರಗಿಸಿ ಮರುದಿನದವರೆಗೆ ನೆನೆಯಲು ಬಿಟ್ಟೆವು.

ಮರುದಿನ ಗಂಡ ಜೇವರ್ಗಿಯ ಬಸ್ಸು ಹತ್ತಿದ ಮೇಲೆ ಅತ್ತೆ ಪಾನಾ ಹಿಡಿದು ಮೊಳೆ ತಿರುವಿ ಬಿಚ್ಚಿದರು. ಅದು ಕೂತಿದ್ದ ತೂತಿನೊಳಗೆ ಕಂದು ಗೋಂದು ಗಟ್ಟಿಯಾಗಿತ್ತು. ಮಾವ ಒಳಗೆ ಕುಸುಬಿ ಎಣ್ಣೆ ಸವರುತ್ತಿದ್ದರಂತೆ, ಅದೇ ಒಣಗಿ ದಾರಿ ಕಟ್ಟಿತ್ತು. ಅಫಜಲಪುರದ ತವರಿನಿಂದ ನಾನು ತಂದಿದ್ದ ಹೊಲಿಗೆ ಯಂತ್ರದ ಡಬ್ಬಿಯಿಂದ ಸೂಜಿ ತೆಗೆದುಕೊಟ್ಟೆ. ಅತ್ತೆ ಮೆಲ್ಲಗೆ ಚುಚ್ಚಿ ತೆಗೆದರು. ಮೊದಲು ಒಂದು ಕಪ್ಪು ಹನಿ, ಆಮೇಲೆ ಇನ್ನೊಂದು, ಆಮೇಲೆ ಕಾಡಿಗೆ ಕರಗಿದಂಥ ನೀರಿನ ಎಳೆ.

"ಇನ್ನ ಅದಕ್ಕ ಸಿಟ್ಟು ಬರೂದಿಲ್ಲ," ಅಂದರು ಅತ್ತೆ.

ಗಜದ ತುದಿಗೆ ಸುರುಳಿಯ ಕೊಂಡಿ ತಿರುವಿ ಒಳಗಿನ ಉಂಡೆಯನ್ನು ಎಳೆದರು. ಹಿಂದೆ ಮದ್ದು ಕೆಸರಾಗಿ ಬಂತು. ಗುಂಡು ಇರಲಿಲ್ಲ. ಮಾವ ಬರೀ ಸದ್ದಿಗಾಗಿ ತುಂಬಿದ್ದರು. ಆ ಉಂಡೆಯನ್ನು ಅತ್ತೆ ಬೋಗುಣಿಯ ಬಿಸಿನೀರಲ್ಲಿ ಅದ್ದಿ ಬಿಡಿಸಿದರು. ಕಪ್ಪು ಬಿಟ್ಟು ಕೆಂಪು ಮೂಡಿತು, ಕೆಂಪಿನಲ್ಲಿ ಬಿಳಿಯ ಗೀರುಗಳು. ಇಳಕಲ್ ಸೀರೆಯ ಸೆರಗು.

ಅತ್ತೆ ಅದನ್ನೇ ನೋಡುತ್ತ ಕೂತರು. "ನನ್ನ ಸೀರಿ ಇದು. ಇಲಿ ಹರದಾವ ಅಂದಿದ್ರು, ಬೇ! ನನ್ನ ಕೈಲೆ ಮೂಲ್ಯಾಗ ಬೋನು ಇಡಿಸಿದ್ರು. ರೊಟ್ಟಿ ತುಣುಕು ಹಚ್ಚಿ ದಿನಾ ಕಾಯ್ದೀನಿ, ಒಂದರೆ ಇಲಿ ಬೀಳಲಿಲ್ಲ."

ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಾಗ ಕೆನ್ನೆಗೆಲ್ಲ ಮಸಿ. ಮಾವನನ್ನು ನಾನು ಮೊದಲ ಸಲ ಕಂಡದ್ದು ಆಗ. ಹೆಂಡತಿಯ ಸೆರಗು ಹರಿದು, ಸುಳ್ಳು ಹೇಳಿ, ಮುಸುಮುಸು ನಗುವ ಒಬ್ಬ ಮನುಷ್ಯ ಬೇವಿನ ನೆರಳಿನಲ್ಲಿ ನಮ್ಮ ಬಳಿಯೇ ಕೂತಂತಿತ್ತು.

ಕೆಲಸ ಇನ್ನೂ ಇತ್ತು. ಗಜಕ್ಕೆ ಬಟ್ಟೆ ಸುತ್ತಿ ಎಷ್ಟು ಉಜ್ಜಿದರೂ ಕೊನೆಯಲ್ಲಿ ಕಪ್ಪು ಬರುತ್ತಲೇ ಇತ್ತು. ಮದ್ದು ಕೂಡುವ ಬುಡದ ಜಾಗ ನಳಿಗೆಗಿಂತ ಸಪೂರ, ಹೊರಮನೆ ದಾಟಿದ ಮೇಲೆ ಸಿಗುವ ಒಳಕೋಣೆಯ ಹಾಗೆ. ದಪ್ಪ ಬಟ್ಟೆ ಅದರ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ನಾನು ತೆಳ್ಳನೆಯ ಕಡ್ಡಿಗೆ ಅರಿವೆ ಸುತ್ತಿ, ಬಿಡದಂತೆ ದಾರದಿಂದ ಬಿಗಿದು, ಗಜದ ತುದಿಗೆ ಕಟ್ಟಿಕೊಟ್ಟೆ. ಅದು ಒಳಗೆ ಹೋಗಿ ತಿರುಗಿತು. ಕುದಿಯುವ ನೀರು ಸುರಿದಾಗ ನಳಿಗೆಯ ಬಾಯಿಂದ ಆವಿ ಎದ್ದು ಬೇವಿನ ಎಲೆಗಳ ನಡುವೆ ಕರಗಿತು. ನೀರು ತಿಳಿಯಾಗುವವರೆಗೂ ಸುರಿದೆವು. ಬಿಸಿಯಾದ ಕಬ್ಬಿಣ ಬೇಗ ಒಣಗಿತು. ಆಮೇಲೆ ನನ್ನ ಯಂತ್ರದ ಎಣ್ಣೆ ಸವರಿದೆವು.

ಎರಡು ದಿನ ಬಿಟ್ಟು, ಹೊತ್ತು ಮುಳುಗುವಾಗ, ಅತ್ತೆ ಗುಂಡಿಲ್ಲದೆ ಹೊಸ ಮದ್ದು ತುಂಬಿ, ಹೊಲದ ಬದುವಿನ ಮೇಲೆ ನಿಂತು ಆಕಾಶಕ್ಕೆ ಹಾರಿಸಿದರು. ಜೋಳದೊಳಗಿಂದ ಹಕ್ಕಿಗಳು ಮೋಡದಂತೆ ಎದ್ದವು. ಹಳ್ಳದ ಆಚೆ ಹಂದಿಗಳು ಓಡುವ ಸದ್ದು. ಬಿಳಿ ಹೊಗೆಯೊಳಗೆ ಅತ್ತೆ ಕಾಣಿಸಲೇ ಇಲ್ಲ. ನಾನು ಹೆದರಿ ಕೂಗಿದೆ.

"ಇಲ್ಲೇ ಇದ್ದೀನಿ," ಎಂದರು ಹೊಗೆಯೊಳಗಿಂದ. "ಕಿವಿ ಗುಂಯ್ ಅನ್ನಾಕತ್ತದ, ಅಷ್ಟೇ."

ಆ ವರ್ಷ ಜೋಳ ಉಳಿಯಿತು. ಹಂದಿಗಳು ಬಂದ ವರ್ಷಗಳಲ್ಲೆಲ್ಲ ಹಾರಿಸಿದೆವು, ಹಾರಿಸಿದ ದಿನವೇ ತೊಳೆದೆವು. ತೊಂಬತ್ತರ ದಶಕದಲ್ಲಿ ಅತ್ತೆಯ ಕಣ್ಣು ಮಂಜಾದ ಮೇಲೆ ಲೈಸನ್ಸು ಬೇಡವೆಂದು ಬರೆಸಿ, ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಜೇವರ್ಗಿ ಠಾಣೆಗೆ ಒಪ್ಪಿಸಿದೆವು. ಅಲ್ಲಿದ್ದವರು ತುಂಬಿದೆಯೋ ಎಂದು ಕೇಳಿದರು.

"ಖಾಲಿ ಅದರಿ," ಅಂದರು ಅತ್ತೆ. "ಗಜ ಬಿಟ್ಟು ನೋಡ್ರಿ."

ಅವರು ಬಿಟ್ಟು ನೋಡಿದರು. ನಾವು ಬಸ್ ನಿಲ್ದಾಣದಲ್ಲಿ ಬಿಸಿ ಮಿರ್ಚಿಭಜಿ ತಿಂದು, ಕಿಟಕಿಯ ಬಳಿ ಜಾಗ ಹಿಡಿದು ಊರಿಗೆ ಬಂದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು.